ದ್ರಾಕ್ಷಿ ಬೀಜವೇ ಹೇಳಿಬಿಡುತ್ತದೆ

ಪ್ರಶ್ನೆ: ರೊಮ್ಯಾಂಟಿಕ್ ಕಾಮಿಡಿಗಳಲ್ಲಿ ನಾಯಕ, ನಾಯಕಿ ಎಂಥವರು ಅಂತ ಶುರುವಿನಲ್ಲೇ ಗೊತ್ತಾಗಿಬಿಡುತ್ತದಲ್ಲ, ಹೇಗೆ?

ಉತ್ತರ: ಸಣ್ಣಪುಟ್ಟ ಅಭ್ಯಾಸಗಳಿಂದ. 1989ರ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ ನೋಡಿ. ಇಬ್ಬರೂ ಒಂದೇ ಕಾರಿನಲ್ಲಿ ಶಿಕಾಗೋದಿಂದ ನ್ಯೂಯಾರ್ಕ್‌ಗೆ ಹೊರಟಿದ್ದಾರೆ. ಅವನು ದ್ರಾಕ್ಷಿ ತಿಂದು ಬೀಜವನ್ನು ಕಿಟಕಿಯಾಚೆ ಉಗಿಯಲು ಹೋಗುತ್ತಾನೆ, ಆದರೆ ಗಾಜು ಮುಚ್ಚಿದೆ! ಅವಳೋ, ಒಂದು ಪೈ ತರಿಸಲು ಹೋಗಿ ಅದು ಬಿಸಿಯಾಗಿರಬೇಕು, ಐಸ್‌ಕ್ರೀಂ ಮೇಲೆ ಬೇಡ ಪಕ್ಕದಲ್ಲಿರಲಿ, ವೆನಿಲ್ಲಾ ಬದಲು ಸ್ಟ್ರಾಬೆರಿ ಇದ್ದರೆ ಕೊಡಿ ಅಂತ ಹೇಳುತ್ತಲೇ ಇರುತ್ತಾಳೆ. ಇವರಿಗೆ ಜಗಳ ಆಗದೆ ಇರುತ್ತಾ? ನಮಗೆ ಬೇಕಾದ್ದೂ ಅದೇ ಅಲ್ವಾ!

ಇಂಥ ಸಿನಿಮಾಗಳಲ್ಲಿ ಕಥೆ ನಡೆಯುವ ಊರಿನ ಪರಿಚಯವೂ ಬೇಗ ಮುಗಿಯುತ್ತದೆ. ಮೇಲಿನಿಂದ ಒಂದು ನೋಟ, ಹಿಂದೊಂದು ಹಾಡು, ಸಾಕು. ನನಗಂತೂ ಮನೆಯೊಳಗಿನ ಶಾಟ್ ಜಾಸ್ತಿ ಇಷ್ಟ. ದೊಡ್ಡ ಮಂಚ, ಒಂದೇ ದಿಂಬು. ಅಷ್ಟರಲ್ಲೇ ಆ ಮನುಷ್ಯನ ಒಂಟಿತನ ಕಾಣಿಸುತ್ತದೆ.