ಸಹಿ ಹಾಕದ ಹೆಂಡತಿ

ಈ ಪ್ರಕರಣದಲ್ಲಿ ಬರುವ ಇಬ್ಬರ ಹೆಸರನ್ನೂ ಬರೆಯುತ್ತಿಲ್ಲ. ಊರು, ಕೆಲಸದ ವಿವರ, ಒಂದೆರಡು ಲೆಕ್ಕ ಬದಲಿಸಿದ್ದೇನೆ. ಹೆಂಡತಿಯ ಹೆಸರಿನ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು, ಏಕೆಂದರೆ ಅಮೆರಿಕದ ಕಾಗದಗಳಲ್ಲೂ ಅದು ಸರಿಯಾಗಿ ಇರಲಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರು. ನಮ್ಮಲ್ಲಿ ಎಷ್ಟೋ ಜನ ಹಾಗೇ ಮಾಡಿರುತ್ತಾರೆ. ವೀಸಾ ಬಂದಾಗ ಇದ್ದ ಒಂದೇ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಅಚ್ಚಾಗಿತ್ತು. ಮೊದಲ ಹೆಸರು ಗೊತ್ತಿಲ್ಲ ಎನ್ನುವುದಕ್ಕೆ ಅದು ಚುಟುಕು ರೂಪ.

ಆಕೆಗೆ 29 ವರ್ಷ. ಇಂಡಿಯಾದಲ್ಲಿ ಐದು ವರ್ಷ ಖಾಸಗಿ ಬ್ಯಾಂಕಿನಲ್ಲಿ ಕೆಲಸ. ಗಂಡ 2020ರಿಂದ ಅಮೆರಿಕದಲ್ಲಿ, ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ. ಆಕೆ ಎಚ್-4 ಮೇಲೆ, ಅಂದರೆ ಅಂಥವರ ಸಂಗಾತಿಗೆ ಕೊಡುವ ವೀಸಾ ಮೇಲೆ, ಬಂದಿಳಿದದ್ದು 2024ರ ಅಕ್ಟೋಬರ್ ಮೊದಲ ವಾರ. ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದದ್ದು 2025ರ ಮಾರ್ಚ್‌ನಲ್ಲಿ, ವಿಡಿಯೋ ಕಾಲ್ ಮೂಲಕ. ಗಂಡನೇ ಸಮಯ ಗೊತ್ತು ಮಾಡಿದ್ದರು. "ಒಂದು ಸಣ್ಣ ವಿಷಯ ಮೇಡಂ. ಟ್ಯಾಕ್ಸ್ ಪೇಪರ್‌ಗೆ ಸಹಿ ಹಾಕ್ತಿಲ್ಲ. ಮೂರು ವಾರ ಆಯ್ತು, ಮಾತೂ ಆಡ್ತಿಲ್ಲ" ಎಂದರು.

ಸಣ್ಣ ವಿಷಯ ಎಂದು ಶುರುವಾಗುವ ಕರೆಗಳಿಗೆ ನಾನು ಜಾಸ್ತಿ ಸಮಯ ಇಟ್ಟುಕೊಳ್ಳುತ್ತೇನೆ.

ಮೊದಲು ಆಕೆಯೊಬ್ಬರ ಜೊತೆ ಮಾತಾಡಿದೆ. ಕೇಳಲೇಬೇಕಾದ ಪ್ರಶ್ನೆಗಳು ಕೆಲವು ಇರುತ್ತವೆ. ಪಾಸ್‌ಪೋರ್ಟ್ ಯಾರ ಹತ್ತಿರ ಇದೆ? ಕೇಳಿದರೆ ಕೊಡುತ್ತಾರಾ? ಮನೆಗೆ ಫೋನ್ ಮಾಡಲು, ಹೊರಗೆ ಹೋಗಲು ಅಡ್ಡಿ ಇದೆಯಾ? ಕೈ ಎತ್ತುತ್ತಾರಾ? ವೀಸಾ ಕ್ಯಾನ್ಸಲ್ ಮಾಡಿಸಿ ವಾಪಸ್ ಕಳಿಸುತ್ತೇನೆ ಎಂದು ಯಾವಾಗಲಾದರೂ ಹೇಳಿದ್ದಾರಾ? ಇದರಲ್ಲಿ ಒಂದಕ್ಕೆ ಭಯದ ಉತ್ತರ ಬಂದರೂ ಪ್ರಕರಣವೇ ಬೇರೆ, ಆಗ ಟ್ಯಾಕ್ಸ್ ಮಾತು ಪಕ್ಕಕ್ಕೆ. ಹಿಂಸೆಗೆ ಸಿಕ್ಕಿರುವ ಎಚ್-4 ಹೆಂಡತಿ ತಾನೇ ಕೆಲಸದ ಅನುಮತಿಗೆ ಅರ್ಜಿ ಹಾಕಲು ಅಲ್ಲಿನ ಕಾನೂನಿನಲ್ಲಿ ದಾರಿ ಇದೆ, ಅಲ್ಲಿನ ರಾಷ್ಟ್ರೀಯ ಸಹಾಯವಾಣಿಯೂ ಇದೆ (1-800-799-7233). ಇಲ್ಲಿ ಆ ಪರಿಸ್ಥಿತಿ ಇರಲಿಲ್ಲ. ಪಾಸ್‌ಪೋರ್ಟ್ ಗಂಡನ ಹಸಿರು ಫೈಲಿನಲ್ಲಿತ್ತು, ಫೈಲು ಗಂಡನ ಆಫೀಸ್ ಬ್ಯಾಗಿನಲ್ಲಿತ್ತು. "ಕೇಳಿದ್ರೆ ಕೊಡ್ತಾರೆ ಮೇಡಂ. ಆದ್ರೆ ನನ್ನ ಪಾಸ್‌ಪೋರ್ಟ್ ನಾನ್ಯಾಕೆ ಕೇಳ್ಬೇಕು?" ಎಂದರು.

ಆಮೇಲೆ ಒಂದೊಂದೇ ಹೊರಬಂತು. ಬ್ಯಾಂಕಿನಲ್ಲಿದ್ದಾಗ ದಿನಕ್ಕೆ ಹತ್ತಿಪ್ಪತ್ತು ಜನರ ಕೆವೈಸಿ ನೋಡುತ್ತಿದ್ದವರು ಆಕೆ. ವಿಳಾಸದ ಪುರಾವೆ ಇಲ್ಲದೆ ಬಂದವರನ್ನು ವಾಪಸ್ ಕಳಿಸಿದ್ದೂ ಇದೆಯಂತೆ. ಅಮೆರಿಕದಲ್ಲಿ ಲೈಬ್ರರಿ ಕಾರ್ಡ್ ಮಾಡಿಸಲು ಹೋದರೆ ತನ್ನ ಹೆಸರಿನಲ್ಲಿ ಒಂದು ಕರೆಂಟ್ ಬಿಲ್ ಕೂಡ ಇಲ್ಲ. ಬಾಡಿಗೆ ಕರಾರು ಗಂಡನ ಹೆಸರಲ್ಲಿ, ಬ್ಯಾಂಕ್ ಖಾತೆ ಗಂಡನದ್ದು, ಫೋನ್ ಕೂಡ ಗಂಡನ ಫ್ಯಾಮಿಲಿ ಪ್ಲಾನ್.

ಒಂದು ದಿನ ಕ್ಲಿನಿಕ್‌ನಲ್ಲಿ ನರ್ಸ್ ಬಾಗಿಲು ತೆಗೆದು "ಫ್ನೂ? ಫ್ನೂ?" ಎಂದು ಎರಡು ಸಲ ಕೂಗಿದರಂತೆ. ತನ್ನನ್ನೇ ಎಂದು ಆಕೆಗೆ ಹೊಳೆಯಲಿಲ್ಲ. ಗಂಡ ನಗುತ್ತಾ ಮೊಣಕೈಯಿಂದ ತಿವಿದು "ನಿನ್ನೇ ಕಣೇ" ಎಂದರು. ಕಾರಿಗೆ ಬಂದ ಮೇಲೆ ಆಕೆ ಅತ್ತರು. ಗಂಡನಿಗೆ ಇವತ್ತಿಗೂ ಅದು ತಮಾಷೆಯ ಕಥೆ, ಸ್ನೇಹಿತರ ಮನೆಯಲ್ಲಿ ಹೇಳುತ್ತಾರೆ. ನನಗೆ ಕೇಳಿದರೆ, ಟ್ಯಾಕ್ಸ್ ಜಗಳ ಅವತ್ತೇ ಶುರುವಾಯಿತು.

ಸಹಿಯ ದಿನ ನಡೆದದ್ದು ಇಷ್ಟು. ಗಂಡ ರಾತ್ರಿ ಊಟ ಆದ ಮೇಲೆ ನಾಲ್ಕು ಹಾಳೆ ತಂದು ಮುಂದೆ ಇಟ್ಟರು. ಒಂದರಲ್ಲಿ ಡಬ್ಲ್ಯೂ-7 ಎಂದಿತ್ತು. ಏನಿದು ಎಂದು ಆಕೆ ಕೇಳಿದರು. "ಸುಮ್ನೆ ಸಹಿ ಹಾಕು, ನಿಂಗೆ ಇಲ್ಲಿಂದೆಲ್ಲ ಅರ್ಥ ಆಗಲ್ಲ. ನಿನ್ನ ಪಾಸ್‌ಪೋರ್ಟ್ ನಾಳೆ ಪೋಸ್ಟ್ ಮಾಡ್ಬೇಕು." ಆಕೆ ಪೆನ್ನು ಕೆಳಗಿಟ್ಟು ಎದ್ದುಹೋದರು.

ಆ ಹಾಳೆಗಳ ಹಿಂದಿರುವ ವಿಷಯ ಇದು. ಎಚ್-4 ಮೇಲೆ ಬಂದವರಿಗೆ ಕೆಲಸದ ಅನುಮತಿ ಇಲ್ಲದಿದ್ದರೆ ಸಾಮಾನ್ಯವಾಗಿ, ರಿಟರ್ನ್‌ನಲ್ಲಿ ಬರೆಯುವ ಸೋಷಿಯಲ್ ಸೆಕ್ಯೂರಿಟಿ ನಂಬರ್ ಸಿಗುವುದಿಲ್ಲ. ಗಂಡ ಹೆಂಡತಿ ಒಟ್ಟಿಗೆ ರಿಟರ್ನ್ ಹಾಕಬೇಕೆಂದರೆ ಆಕೆಗೆ ಐಟಿಐಎನ್ ಎಂಬ ತೆರಿಗೆ ನಂಬರ್ ಬೇಕು. ಒಂಬತ್ತು ಅಂಕಿ, ಮೊದಲನೆಯದು 9. ಅದರಿಂದ ಕೆಲಸ ಮಾಡುವ ಹಕ್ಕು ಬರುವುದಿಲ್ಲ, ವೀಸಾಗೂ ಅದಕ್ಕೂ ಸಂಬಂಧವಿಲ್ಲ. ಅರ್ಜಿ ಡಬ್ಲ್ಯೂ-7, ಅದನ್ನು ರಿಟರ್ನ್ ಜೊತೆಗೇ ಕಳಿಸಬೇಕು. ಜೊತೆಗೆ ಮೂಲ ಪಾಸ್‌ಪೋರ್ಟ್, ಇಲ್ಲವೇ ಅದನ್ನು ಕೊಟ್ಟ ಇಲಾಖೆಯೇ ದೃಢೀಕರಿಸಿದ ಪ್ರತಿ. ನೋಟರಿ ಮಾಡಿಸಿದ ಝೆರಾಕ್ಸ್ ನಡೆಯುವುದಿಲ್ಲ.

ಒಟ್ಟಿಗೆ ಹಾಕುವುದರಲ್ಲಿ ಲಾಭ ಇರುವುದು ನಿಜ. 2024ರ ಲೆಕ್ಕಕ್ಕೆ ಬೇರೆ ಬೇರೆ ಹಾಕುವ ದಂಪತಿಯಲ್ಲಿ ಒಬ್ಬರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಹಾಕುವ ಮೊದಲು ಆದಾಯದಲ್ಲಿ ಕಳೆಯುವ ಮೊತ್ತ, 14,600 ಡಾಲರ್, ಜಂಟಿಯಾಗಿ ಹಾಕಿದರೆ 29,200. ಗಂಡನ ಕಣ್ಣಿಗೆ ಬಿದ್ದದ್ದು ಇದೊಂದೇ. ಆದರೆ ಅಕ್ಟೋಬರ್‌ನಲ್ಲಿ ಬಂದ ಆಕೆ ಆ ವರ್ಷ ಅಲ್ಲಿ ಇದ್ದದ್ದು 90 ದಿನಕ್ಕಿಂತ ಕಡಿಮೆ. ತೆರಿಗೆಯ ಮಟ್ಟಿಗೆ ಆ ವರ್ಷ ಆಕೆ ಅಲ್ಲಿನ ನಿವಾಸಿ ಅಲ್ಲ. ಜಂಟಿ ರಿಟರ್ನ್ ಬೇಕೆಂದರೆ, ಇಡೀ ವರ್ಷ ನನ್ನನ್ನು ನಿವಾಸಿ ಎಂದೇ ಲೆಕ್ಕ ಹಿಡಿಯಿರಿ ಎಂದು ಇಬ್ಬರೂ ಸಹಿ ಹಾಕಿ ಬರೆದು ಕೊಡಬೇಕು. ಹಾಗೆ ಬರೆದು ಕೊಟ್ಟರೆ ಇಡೀ ವರ್ಷದ, ಇಡೀ ಪ್ರಪಂಚದ ಆದಾಯ ತೋರಿಸಬೇಕು. ಇಂಡಿಯಾದಲ್ಲಿ ಸೆಪ್ಟೆಂಬರ್‌ವರೆಗೆ ಬಂದ ಸಂಬಳ, ಅಲ್ಲಿನ ಎಫ್‌ಡಿ ಬಡ್ಡಿ, ಎಲ್ಲ.

ಇಷ್ಟನ್ನು ನಾನು ವಿವರಿಸುತ್ತಿದ್ದಾಗ ಆಕೆ ಸುಮ್ಮನಾದರು. ಕ್ಯಾಮೆರಾ ಆಫ್ ಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ದನಿ ಮಾತ್ರ ಬಂತು. "ಮೇಡಂ, ನನ್ನ ಹೆಸರಲ್ಲಿ 18 ಲಕ್ಷದ ಎಫ್‌ಡಿ ಇದೆ. ಇವರಿಗೆ ಗೊತ್ತಿಲ್ಲ."

ಸಹಿ ಹಾಕದೇ ಇದ್ದದ್ದಕ್ಕೆ ಎರಡು ಕಾರಣ ಇದ್ದವು ಎಂದು ಗೊತ್ತಾಗಿದ್ದು ಆಗ. ಒಂದು ಅವಮಾನ, ಇನ್ನೊಂದು ಈ ಎಫ್‌ಡಿ. ಸ್ವಂತ ಉಳಿತಾಯ ಅರ್ಧ, ಅಪ್ಪ ಕೊಟ್ಟದ್ದು ಅರ್ಧ. "ಏನೇ ಆದ್ರೂ ಇದು ನಿನ್ನ ಹತ್ರ ಇರ್ಲಿ" ಎಂದು ಅಮ್ಮ ಹೇಳಿ ಕಳಿಸಿದ್ದರಂತೆ. ಇದನ್ನು ಮೋಸ ಎಂದು ನಾನು ಕರೆಯುವುದಿಲ್ಲ. ಕೆಲಸ ಬಿಟ್ಟು, ಕೈಯಲ್ಲಿ ಒಂದು ಡಾಲರ್ ಇಲ್ಲದೆ ಬೇರೆ ದೇಶಕ್ಕೆ ಬಂದವಳಿಗೆ ಅಷ್ಟಾದರೂ ಧೈರ್ಯ ಬೇಡವೇ? ಆದರೆ ಮುಚ್ಚಿಟ್ಟು ಸಹಿ ಹಾಕುವುದು ಬೇರೆ ಮಾತು. ರಿಟರ್ನ್ ಕೆಳಗಿನ ಸಹಿ, ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇನೆ ಎಂದು ಒಪ್ಪಿ ಹಾಕುವ ಸಹಿ. ಜಂಟಿ ರಿಟರ್ನ್‌ನಲ್ಲಿ ಬಾಕಿ ತೆರಿಗೆ, ದಂಡ ಇಬ್ಬರ ತಲೆಗೂ ಪೂರ್ತಿಯಾಗಿ ಬರುತ್ತದೆ, ದುಡಿದವರು ಯಾರೇ ಆಗಲಿ. ಡೈವೋರ್ಸ್ ಆದರೂ ಹೋಗುವುದಿಲ್ಲ. ಸಂಗಾತಿ ಮಾಡಿದ ತಪ್ಪು ನನಗೆ ಗೊತ್ತಿರಲಿಲ್ಲ ಎಂದು ಫಾರ್ಮ್ 8857 ಹಾಕಿ ಬಿಡುಗಡೆ ಕೇಳಬಹುದು. ಆದರೆ ಓದದೆ ಸಹಿ ಹಾಕಿದೆ ಎನ್ನುವುದಷ್ಟೇ ಅಲ್ಲಿ ಸಾಕಾಗುವುದಿಲ್ಲ.

ನಾನು ಹೇಳಿದ್ದು ಇಷ್ಟು: "ಎಫ್‌ಡಿ ವಿಷಯ ನಾನು ನಿಮ್ಮವರಿಗೆ ಹೇಳುವುದಿಲ್ಲ. ನೀವು ಹೇಳಿ. ತೆರಿಗೆ ಲೆಕ್ಕ ನೋಡುವ ಸಿಪಿಎ ಮುಂದೆ ಹೇಳುವ ಮೊದಲು, ಮನೆಯಲ್ಲಿ. ಆ ದುಡ್ಡು ನಿಮ್ಮ ಹೆಸರಿನಲ್ಲೇ ಇರಲಿ, ಅದನ್ನು ಮುರಿಸಿ ಯಾರಿಗೂ ಕೊಡಬೇಕಾಗಿಲ್ಲ. ತೋರಿಸುವುದು ಬೇರೆ, ಕೊಡುವುದು ಬೇರೆ." ಹೇಳಲು ಇಷ್ಟವೇ ಇಲ್ಲ ಎಂದರೆ ಈ ವರ್ಷ ಜಂಟಿ ರಿಟರ್ನ್ ಬೇಡ, ಗಂಡ ತಮ್ಮದೊಂದನ್ನೇ ಹಾಕಿಕೊಳ್ಳಲಿ, ಅದೂ ಕಾನೂನುಬದ್ಧವೇ ಎಂದೂ ಹೇಳಿದೆ. ಬೇರೆ ದಾರಿ ಇದೆ ಎಂದು ಗೊತ್ತಾದ ಮೇಲೆ ಆಕೆಯ ದನಿ ಸ್ವಲ್ಪ ಸಡಿಲವಾಯಿತು.

ಗಂಡನ ಜೊತೆ ಒಂದು ಸೆಷನ್ ಆಯಿತು. ಕೆಟ್ಟ ಮನುಷ್ಯ ಅಲ್ಲ. ನಾಲ್ಕು ವರ್ಷ ಒಬ್ಬರೇ ಇದ್ದು ಎಲ್ಲ ಕಾಗದ ತಾವೇ ನೋಡಿ ಅಭ್ಯಾಸ. "ಅವಳಿಗೆ ತಲೆನೋವು ಯಾಕೆ ಅಂತ ನಾನೇ ಮಾಡ್ತಿದ್ದೆ" ಎಂದರು. ಅವರಿಗೆ ಒಂದೇ ಕೆಲಸ ಕೊಟ್ಟೆ. ಇವತ್ತು ರಾತ್ರಿ ಹಸಿರು ಫೈಲು ತೆಗೆದು ಆಕೆಯ ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್, ಎಚ್-4ನ ಕಾಗದ ಎಲ್ಲ ಆಕೆಯ ಕೈಗೆ ಕೊಡಿ. ಕೇಳುವ ಮೊದಲು ಕೊಡಿ. ಐ-94, ಅಂದರೆ ಎಷ್ಟು ದಿನ ಅಲ್ಲಿ ಇರಬಹುದು ಎನ್ನುವ ದಾಖಲೆ, ಇಬ್ಬರೂ ಕೂತು ವೆಬ್‌ಸೈಟ್‌ನಿಂದ ತೆಗೆದು ಹೆಸರು, ತಾರೀಖು ಸರಿ ಇದೆಯಾ ನೋಡಿ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಐ-94 ಕೂಡ ಅದೇ ತಾರೀಖಿಗೆ ಕೊಟ್ಟಿರುವುದುಂಟು. ಅದು ಯಾರ ಗಮನಕ್ಕೂ ಬರುವುದಿಲ್ಲ, ಬಂದಾಗ ತಡವಾಗಿರುತ್ತದೆ.

ಪಾಸ್‌ಪೋರ್ಟ್ ಪೋಸ್ಟ್ ಮಾಡುವ ಪ್ರಶ್ನೆ ಸುಲಭವಾಗಿ ಬಗೆಹರಿಯಿತು. ಆಕೆಯ ಅಪ್ಪನಿಗೆ ಹುಷಾರಿಲ್ಲ, ಯಾವಾಗ ಹೊರಡಬೇಕಾಗುತ್ತದೋ ಗೊತ್ತಿಲ್ಲ. ಎರಡು ತಿಂಗಳು ಪಾಸ್‌ಪೋರ್ಟ್ ಇಲ್ಲದೆ ಇರುವುದು ಹೇಗೆ? ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಮಾನ್ಯ ಮಾಡಿದ ಏಜೆಂಟರು ಇರುತ್ತಾರೆ. ಅವರು ಮೂಲ ಪಾಸ್‌ಪೋರ್ಟ್ ನೋಡಿ, ದೃಢೀಕರಿಸಿ, ಅಲ್ಲೇ ವಾಪಸ್ ಕೊಡುತ್ತಾರೆ. ಕೆಲವು ಐಆರ್‌ಎಸ್ ಕಚೇರಿಗಳಲ್ಲೂ ಮೊದಲೇ ಸಮಯ ತೆಗೆದುಕೊಂಡು ಹೋದರೆ ಇದು ಆಗುತ್ತದೆ. ಇವರಿಗೆ ಅಂಥ ಏಜೆಂಟ್ ಆಗಿದ್ದ ಒಬ್ಬ ಸಿಪಿಎ ಸಿಕ್ಕರು. ನಾನು ಆಪ್ತಸಲಹೆಗಾರ್ತಿ, ತೆರಿಗೆ ತಜ್ಞೆ ಅಲ್ಲ. ಲೆಕ್ಕದ ಮಾತು ಅಲ್ಲಿಗೆ ಬಿಟ್ಟೆ. ಒಂದು ಷರತ್ತು ಮಾತ್ರ ಹಾಕಿದ್ದೆ: ಇಬ್ಬರೂ ಹೋಗಬೇಕು, ಪ್ರಶ್ನೆಗಳ ಪಟ್ಟಿ ಆಕೆ ಬರೆದುಕೊಂಡು ಹೋಗಬೇಕು.

ಎಫ್‌ಡಿ ವಿಷಯವನ್ನು ಆಕೆ ಹಿಂದಿನ ರಾತ್ರಿ ಹೇಳಿದರಂತೆ. ಗಂಡ ತುಂಬ ಹೊತ್ತು ಮಾತಾಡಲಿಲ್ಲ. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?" "ನೀವು ಕೇಳ್ಲಿಲ್ವಲ್ಲ ರೀ." ಅಷ್ಟೇ ನಡೆದ ಮಾತು.

ಮರುದಿನ ಸಿಪಿಎ ಮೊದಲು ಕೇಳಿದ್ದು ಗಂಡನನ್ನು. ಇಂಡಿಯಾದಲ್ಲಿ ನಿಮಗೆ ಖಾತೆಗಳಿವೆಯಾ? ಇತ್ತು. ಎನ್‌ಆರ್‌ಇ ಖಾತೆಯಲ್ಲಿ (ಅನಿವಾಸಿಗಳು ಹೊರದೇಶದ ದುಡಿಮೆ ಇಡುವ ಖಾತೆ) ಎಫ್‌ಡಿ, ಅಪ್ಪನ ಜೊತೆ ಒಂದು ಜಂಟಿ ಖಾತೆ. ಎನ್‌ಆರ್‌ಇ ಬಡ್ಡಿಗೆ ಇಂಡಿಯಾದಲ್ಲಿ ತೆರಿಗೆ ಇಲ್ಲ, ಹಾಗಾಗಿ ಅಮೆರಿಕದಲ್ಲೂ ಇಲ್ಲ ಎಂದುಕೊಂಡು ಮೂರು ವರ್ಷ ತೋರಿಸಿರಲಿಲ್ಲ. ಅಮೆರಿಕದಲ್ಲಿ ಅದಕ್ಕೆ ತೆರಿಗೆ ಇದೆ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್ ಎಂಬ ಬೇರೊಂದು ವರದಿಯೂ ಕೊಡಬೇಕು. ಅದನ್ನೂ ಕೊಟ್ಟಿರಲಿಲ್ಲ. ಆಕೆ ಆಮೇಲೆ ನನಗೆ ಹೇಳಿದರು: "ಎನ್‌ಆರ್‌ಇಗೆ ಟಿಡಿಎಸ್ ಇಲ್ಲ ಸರ್ ಅಂತ ಕೌಂಟರ್‌ನಲ್ಲಿ ಎಷ್ಟು ಜನಕ್ಕೆ ಹೇಳಿದ್ದೀನಿ. ಅಲ್ಲಿ ಕಟ್ಬೇಕಾ ಅಂತ ಒಬ್ರೂ ಕೇಳಿರ್ಲಿಲ್ಲ."

ಹೆಂಡತಿ ಅವತ್ತು ಸುಮ್ಮನೆ ಸಹಿ ಹಾಕಿದ್ದರೆ ಈ ಬಾಕಿಯ ಕಥೆಗೆ ಆಕೆಯೂ ಸೇರಿಕೊಳ್ಳುತ್ತಿದ್ದರು. ಇದನ್ನು ಗಂಡನೇ ಮುಂದಿನ ಸೆಷನ್‌ನಲ್ಲಿ ಹೇಳಿದರು, ನಾನು ಹೇಳಬೇಕಾಗಿ ಬರಲಿಲ್ಲ. ಹಿಂದಿನ ವರ್ಷಗಳ ರಿಟರ್ನ್ ಅವರೊಬ್ಬರದ್ದು, ಅದನ್ನು ಸರಿಪಡಿಸುವ ಕೆಲಸವೂ ಅವರದ್ದೇ ಎಂದು ಸಿಪಿಎ ಬೇರೆಯಾಗಿ ಕೈಗೆತ್ತಿಕೊಂಡರು. ಏಪ್ರಿಲ್ 15ಕ್ಕೆ ಮೊದಲು ಫಾರ್ಮ್ 4868 ಹಾಕಿ ಅಕ್ಟೋಬರ್ 15ರವರೆಗೆ ಸಮಯ ತೆಗೆದುಕೊಂಡರು. ಅದು ರಿಟರ್ನ್ ಹಾಕಲು ಸಿಗುವ ಸಮಯ, ತೆರಿಗೆ ಕಟ್ಟಲು ಅಲ್ಲ. ಹಾಗಾಗಿ ಅಂದಾಜು ಬಾಕಿಯನ್ನು ಆಗಲೇ ಕಟ್ಟಿದರು. ಆಕೆಯ ಇಂಡಿಯಾ ಸಂಬಳ, ಬಡ್ಡಿ ಸೇರಿಸಿ, ಅಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್ ಹಿಡಿದು, ಎರಡೂ ರೀತಿ ಲೆಕ್ಕ ಹಾಕಿದರು. ಜಂಟಿಯೇ ಲಾಭ ಎಂದು ಬಂತು. ಜೂನ್‌ನಲ್ಲಿ ರಿಟರ್ನ್ ಕಾಗದದ ಮೇಲೆ ಹೋಯಿತು, ಡಬ್ಲ್ಯೂ-7 ಜೊತೆಗೆ. ಸಹಿ ಹಾಕುವ ಮೊದಲು ಆಕೆ ಎರಡು ದಿನ ಇಟ್ಟುಕೊಂಡು ಓದಿದರು. ಒಂದು ಕಡೆ ಖಾತೆ ನಂಬರಿನಲ್ಲಿ ತಪ್ಪು ಹಿಡಿದರು. ಬ್ಯಾಂಕಿನ ಕಣ್ಣು ಅಲ್ವಾ.

ಎಫ್‌ಬಾರ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ, ಇಂಥದ್ದೇ ಪರಿಸ್ಥಿತಿಯವರಿಗೆ ಬೇಕಾಗಬಹುದು. ನಿವಾಸಿ ಎಂದು ಬರೆದು ಕೊಟ್ಟ ಆಯ್ಕೆ ಎಫ್‌ಬಾರ್‌ಗೆ ಲೆಕ್ಕಕ್ಕಿಲ್ಲ. ಹಾಗಾಗಿ 2024ಕ್ಕೆ ಆಕೆ ಅದನ್ನು ಕೊಡಬೇಕಾಗಿರಲಿಲ್ಲ. 2025ರಲ್ಲಿ ದಿನಗಳ ಲೆಕ್ಕದಿಂದಲೇ ನಿವಾಸಿ ಆಗುವುದರಿಂದ ಆ ವರ್ಷದಿಂದ ಕೊಡಬೇಕು, ಏಕೆಂದರೆ 18 ಲಕ್ಷ ಎಂದರೆ ಸುಮಾರು 21,000 ಡಾಲರ್. ಇಂಡಿಯಾದ ಕಡೆಯೂ ಒಂದು ಕೆಲಸ ಬಾಕಿ ಇತ್ತು. ದೇಶ ಬಿಟ್ಟ ಮೇಲೆ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ ಮಾಡಿಸಬೇಕು. ಬೇರೆಯವರಿಗೆ ನೂರು ಸಲ ಹೇಳಿದ್ದ ಆಕೆ ತನ್ನದನ್ನು ಮಾಡಿಸಿರಲಿಲ್ಲ. ಕೇಳಿದಾಗ ನಾಚಿ ನಕ್ಕರು. ನಮ್ಮ ಮಾತುಕತೆಯಲ್ಲಿ ಆಕೆ ಮೊದಲ ಸಲ ನಕ್ಕದ್ದು ಅವತ್ತು.

ಉಳಿದವು ಚಿಕ್ಕ ಕೆಲಸಗಳು. ಬಾಡಿಗೆ ಕರಾರಿಗೆ ಆಕೆಯ ಹೆಸರು ಸೇರಿಸಿದರು. ಬ್ಯಾಂಕಿನಲ್ಲಿ ಜಂಟಿ ಖಾತೆ ಆಯಿತು. ಇಂಟರ್ನೆಟ್ ಬಿಲ್ ಆಕೆಯ ಹೆಸರಿಗೆ ಮಾಡಿಸಿದರು. ಮನೆ ಬದಲಿಸಿದರೆ ಹತ್ತು ದಿನದೊಳಗೆ ಎಆರ್-11 ಎಂಬ ಫಾರ್ಮ್‌ನಲ್ಲಿ ಅಲ್ಲಿನ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕು, ಎಚ್-4ನವರೂ ತಮ್ಮದನ್ನು ತಾವೇ. ಮುಂದೆ ಗಂಡನ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಐ-140 (ಕಂಪನಿ ಹಾಕುವ ಅರ್ಜಿ) ಒಪ್ಪಿಗೆ ಆದರೆ ಆಕೆ ಕೆಲಸದ ಅನುಮತಿ ಕೇಳಬಹುದು, 2015ರಿಂದ ಆ ನಿಯಮ ಇದೆ. ಆಗ ಸೋಷಿಯಲ್ ಸೆಕ್ಯೂರಿಟಿ ನಂಬರ್ ಬರುತ್ತದೆ, ಐಟಿಐಎನ್ ಬಿಟ್ಟು ಅದನ್ನೇ ಬಳಸಬೇಕು, ಐಆರ್‌ಎಸ್‌ಗೆ ಪತ್ರ ಬರೆದು ತಿಳಿಸಬೇಕು.

ಆಗಸ್ಟ್ ಕೊನೆಯಲ್ಲಿ ಕೊನೆಯ ಸೆಷನ್. ಐಟಿಐಎನ್ ಪತ್ರ ಬಂದಿತ್ತು. ಲಕೋಟೆಯನ್ನು ಕ್ಯಾಮೆರಾಗೆ ಹಿಡಿದು ತೋರಿಸಿದರು. ಈ ದೇಶದ ಸರ್ಕಾರದಿಂದ ಅಂಚೆಯಲ್ಲಿ ತನ್ನ ಹೆಸರಿಗೆ ಬಂದ ಮೊದಲ ಪತ್ರ ಎಂದರು. ಪಾಸ್‌ಪೋರ್ಟ್ ಈಗ ಆಕೆಯ ಬೀರುವಿನಲ್ಲಿದೆ. ಹಸಿರು ಫೈಲು ಕೂಡ ಹೇಗೋ ಅಲ್ಲಿಗೇ ಬಂದಿದೆಯಂತೆ. "ನನ್ನ ವೀಸಾ ಪೇಪರ್ ಎಲ್ಲಿಟ್ಟಿದ್ದೀಯೇ" ಎಂದು ಗಂಡ ಈಗ ಆಫೀಸಿನಿಂದ ಫೋನ್ ಮಾಡುತ್ತಾರಂತೆ.

ಎಫ್‌ಎನ್‌ಯು ಮಾತ್ರ ಹಾಗೇ ಇದೆ. ಅದು ಹೋಗಬೇಕೆಂದರೆ ಪಾಸ್‌ಪೋರ್ಟ್‌ನಲ್ಲೇ ಸರ್‌ನೇಮ್ ಸೇರಿಸಿ ಕಾನ್ಸುಲೇಟ್ ಮೂಲಕ ಹೊಸದು ಮಾಡಿಸಬೇಕು. ಐಟಿಐಎನ್ ಅರ್ಜಿ ನಡೆಯುತ್ತಿರುವಾಗ ಹೆಸರಿಗೆ ಕೈ ಹಾಕಬೇಡಿ ಎಂದು ಹೇಳಿದ್ದೆ. ಈಗ ಹಾಕಬಹುದು. ಫಾರ್ಮ್ ತುಂಬಲು ಶುರು ಮಾಡಿದ್ದಾರೆ. ಗಂಡನ ಹೆಸರು ಹಾಕಿಸು ಎಂದು ಅತ್ತೆ ಫೋನಿನಲ್ಲಿ ಹೇಳುತ್ತಾರೆ. ಆಕೆಗೆ ಅಪ್ಪನ ಹೆಸರು ಬೇಕು. ಗಂಡ "ನಿನ್ನಿಷ್ಟ" ಎಂದಿದ್ದಾರೆ, ಆದರೆ ಎಂದಾಗ ಮುಖ ನೋಡಲಿಲ್ಲವಂತೆ. ಫಾರ್ಮಿನಲ್ಲಿ ಆ ಜಾಗ ಇನ್ನೂ ಖಾಲಿ ಇದೆ.