ಅಪ್ಪನಿಗೆ ಕೀಮೋ ನಡೀತಿದೆ, ಬೆಂಗಳೂರಿಂದಲೇ ನೋಡಿಕೊಳ್ಳಲು ಯಾವ ಆ್ಯಪ್ ಒಳ್ಳೆಯದು?

ಅಪ್ಪ ಮಲೆನಾಡಲ್ಲಿ, ನೀವು ಬೆಂಗಳೂರಲ್ಲಿ. ನನ್ನದೇ ಕಥೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ, ಒಳಗಿನ ಊರು. ಅಪ್ಪಯ್ಯನ ಕ್ಯಾನ್ಸರಿಗೆ ಕೀಮೋ ಶುರುವಾದಾಗ ಅಮ್ಮನ ಫೋನಿಗೆ ಆ್ಯಪ್ ಹಾಕಿಕೊಟ್ಟೆ. ಜ್ವರ, ವಾಂತಿ, ಊಟ ಎಲ್ಲ ಅವಳು ಅಲ್ಲಿ ಬರೆದರೆ ನನಗೆ ಇಲ್ಲಿ ಕಾಣುತ್ತಿತ್ತು. ಎಲ್ಲ ಸರಿ ಇದ್ದರೆ ಹಸಿರು ಬೊಟ್ಟು.

ಆಸ್ಪತ್ರೆಯವರು ಒಂದು ಚೀಟಿ ಕೊಟ್ಟಿದ್ದರು. ಜ್ವರ 100.4 ಮುಟ್ಟಿದರೆ ರಾತ್ರಿಯಾದರೂ ಹೊರಟು ಬನ್ನಿ ಅಂತ, ಕೆಳಗೆ ಫೋನ್ ನಂಬರ್. ನಾನು ಅದನ್ನು ಫೈಲಿಗೆ ಸೇರಿಸಿ, "ಇನ್ನು ಎಲ್ಲ ಮೊಬೈಲಲ್ಲೇ ಅಮ್ಮ, ನೀನು ಬರೆದು ಹಾಕಿದರೆ ಸಾಕು" ಅಂದೆ. ಆ 'ಸಾಕು' ಇದೆಯಲ್ಲ, ಅದೇ ನನ್ನ ತಪ್ಪು. ಅಮ್ಮ ಅದನ್ನು ಹಾಗೇ ನಂಬಿದಳು.

ಎರಡನೇ ಕೀಮೋ ಆಗಿ ಹತ್ತನೇ ದಿನ, ಆಷಾಢದ ಮಳೆ. ಸಂಜೆಯಿಂದ ಕರೆಂಟಿಲ್ಲ. ಕರೆಂಟಿಲ್ಲ ಅಂದರೆ ನಮ್ಮಲ್ಲಿ ಟವರೂ ಇಲ್ಲ. ರಾತ್ರಿ 9ಕ್ಕೆ ಜ್ವರ 101. ಅಮ್ಮ ಬರೆದಳು, ಜ್ವರದ ಮಾತ್ರೆ ಕೊಟ್ಟಳು, ಯಾರಾದರೂ ಫೋನ್ ಮಾಡ್ತಾರೆ ಅಂತ ಕಾದಳು. ಬರೆದದ್ದು ಊರು ಬಿಟ್ಟು ಕದಲಿರಲೇ ಇಲ್ಲ. ನಾನಿಲ್ಲಿ ಹಸಿರು ಬೊಟ್ಟು ನೋಡಿ ಮಲಗಿದೆ. ಅದು ಹಿಂದಿನ ದಿನದ್ದು! ಮಾತ್ರೆಗೆ ಜ್ವರ ಇಳಿದ ಹಾಗೆ ಕಂಡಿತು, ಬೆಳಗಿನ ಜಾವ ಚಳಿ, ನಡುಕ. ಪಕ್ಕದ ಮನೆಯವರ ಜೀಪಲ್ಲಿ ಶಿವಮೊಗ್ಗ ಮುಟ್ಟಿದಾಗ 8 ಗಂಟೆ. ಬಿಪಿ ಬಿದ್ದಿತ್ತು. ಆರು ದಿನ ಐಸಿಯು.

ಕೀಮೋ ಆಗಿ 7ರಿಂದ 14 ದಿನದ ಹೊತ್ತಿಗೆ ಸಾಮಾನ್ಯವಾಗಿ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ ಜ್ವರ ಬಂದರೆ ಆಸ್ಪತ್ರೆ ಮುಟ್ಟಿದ ಗಂಟೆಯೊಳಗೆ ಆ್ಯಂಟಿಬಯಾಟಿಕ್ ಹಾಕಬೇಕು ಅನ್ನುತ್ತಾರೆ. ನಾವು ದಾರಿ ಕಾಯುತ್ತಲೇ ಹನ್ನೊಂದು ಗಂಟೆ ಕಳೆದಿದ್ದೆವು.

ಹಾಗಾಗಿ ಯಾವ ಆ್ಯಪ್ ಅಂತ ಕೇಳಬೇಡಿ. ಬರೆದದ್ದನ್ನು ಆಚೆ ಕಡೆ ನೋಡುವವರು ಯಾರು ಅಂತ ಕೇಳಿ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ 766 ರೋಗಿಗಳ ಅಧ್ಯಯನ ಒಂದಿದೆ. ತಮ್ಮ ತೊಂದರೆಗಳನ್ನು ಆನ್‌ಲೈನಲ್ಲಿ ತಿಳಿಸುತ್ತಿದ್ದವರು ಉಳಿದವರಿಗಿಂತ ಸುಮಾರು 5 ತಿಂಗಳು ಜಾಸ್ತಿ ಬದುಕಿದರು ಅಂತ 2017ರಲ್ಲಿ ಪ್ರಕಟವಾಯಿತು. ನಾನು ಇದನ್ನೇ ಓದಿ ಮರುಳಾಗಿದ್ದು. ಆದರೆ ಅಲ್ಲಿ ತೊಂದರೆ ಹೆಚ್ಚಾದರೆ ನರ್ಸಿಗೆ ಇಮೇಲ್ ಹೋಗುತ್ತಿತ್ತು. ನಮ್ಮ ಆ್ಯಪಿನ ಆಚೆ ಇದ್ದದ್ದು ನಾನೊಬ್ಬನೇ, ಅದೂ ನಿದ್ದೆಯಲ್ಲಿ.

ರಿಪೋರ್ಟ್ ತೋರಿಸಲು, ಬಾಯಿಹುಣ್ಣಿಗೆ ಏನು ಮಾಡಲಿ ಅಂತ ಕೇಳಲು ವಿಡಿಯೋ ಕಾಲ್ ಒಳ್ಳೆಯದೇ. ಜ್ವರಕ್ಕೆ ಮಾತ್ರ ಬೇಡ. ಚೀಟಿ ಗೋಡೆಗೆ ಅಂಟಿಸಿ. ಮಳೆಗಾಲವಾದರೆ ಬಿಳಿ ರಕ್ತಕಣ ಇಳಿಯುವ ಆ ಒಂದು ವಾರ ಅಪ್ಪನನ್ನು ಶಿವಮೊಗ್ಗದಲ್ಲೇ ನೆಂಟರ ಮನೆಯಲ್ಲಿ ಇರಿಸಿ. ನಾವು ಮೂರನೇ ಕೀಮೋದಿಂದ ಹಾಗೇ ಮಾಡಿದೆವು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಹೊತ್ತಲ್ಲಿ ತೋಟ ಬಿಡಿಸಿದೆ ಅಂತ ಅಪ್ಪಯ್ಯ ಈಗಲೂ ಬೈಯುತ್ತಾರೆ.