ಸುಣ್ಣವಾಗುವ ಲೋಹವನ್ನೇ ಯಾಕೆ ಹಚ್ಚುತ್ತಾರೆ?

ಪ್ರಶ್ನೆ: ನಾನು ಕೊಪ್ಪಳದಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಪಾಲಿಮರ್ ಎಲ್‌ಇಡಿಗೆ (ಉದ್ದ ಸರಪಳಿಯಂಥ ಅಣುಗಳ ಪದರದಿಂದ ಬೆಳಕು ಕೊಡುವ ದೀಪಕ್ಕೆ) ಒಂದು ಕಡೆ ಕ್ಯಾಲ್ಸಿಯಂ ಹಚ್ಚುತ್ತಾರೆ ಎಂದು ಸೆಮಿನಾರಿಗೆ ತಯಾರಾಗುವಾಗ ಓದಿದೆ. ಗಾಳಿ, ತೇವ ತಾಕಿದರೆ ಅದು ನಮ್ಮಜ್ಜಿಯ ಚಂಚಿಯಲ್ಲಿರುವ ಸುಣ್ಣವೇ ಆಗುತ್ತದೆ, ಅಲ್ವಾ ಸರ್? ಅಲ್ಯುಮಿನಿಯಂ ಸಾಲದೇ?

ಉತ್ತರ: ಅಲ್ಯುಮಿನಿಯಂ ಹಚ್ಚಿದರೂ ಬೆಳಕು ಬರುತ್ತದೆ, ಆದರೆ ಕಮ್ಮಿ. 1990ರಲ್ಲಿ ಕೇಂಬ್ರಿಜ್ ತಂಡ ಪಿಪಿವಿ ಎಂಬ ಪಾಲಿಮರ್‌ನಿಂದ ಹಳದಿ-ಹಸಿರು ಬೆಳಕು ಬರಿಸಿದ್ದು ಅಲ್ಯುಮಿನಿಯಂ ಹಚ್ಚಿಯೇ. ಹತ್ತು ಸಾವಿರ ಎಲೆಕ್ಟ್ರಾನ್ ಹೋದರೆ ಹೆಚ್ಚೆಂದರೆ ಐದು ಬೆಳಕಿನ ಕಣ! ಬೆಳಕು ಬರಲು ಲೋಹದಿಂದ ಎಲೆಕ್ಟ್ರಾನ್ ಪಾಲಿಮರ್‌ಗೆ ದಾಟಬೇಕು. ಅಲ್ಯುಮಿನಿಯಂನಿಂದ ಎಲೆಕ್ಟ್ರಾನ್ ಬಿಡಿಸಲು ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು, ಕ್ಯಾಲ್ಸಿಯಂಗೆ 2.9 ಸಾಕು. ಹಾಗಾಗಿ ಕ್ಯಾಲ್ಸಿಯಂನಿಂದ ದಾಟುವುದು ಸುಲಭ. ಮರುವರ್ಷವೇ ಕ್ಯಾಲಿಫೋರ್ನಿಯಾದಲ್ಲಿ ಪಿಪಿವಿಯ ಬಳಗದ ಇನ್ನೊಂದು ಪಾಲಿಮರ್‌ಗೆ ಕ್ಯಾಲ್ಸಿಯಂ ಹಚ್ಚಿ ನೂರಕ್ಕೆ ಒಂದರ ಮಟ್ಟ ಮುಟ್ಟಿದರು.

ಈಗ ನಿಮ್ಮ ಸುಣ್ಣಕ್ಕೆ ಬರೋಣ. ನನಗೆ ಇಷ್ಟವಾದ ಭಾಗ ಇದೇ. ಪಾಠದ ಚಿತ್ರದಲ್ಲಿ ಲೋಹಕ್ಕೂ ಪಾಲಿಮರ್‌ಗೂ ನಡುವೆ ಸುಮ್ನೆ ಒಂದು ಗೆರೆ ಎಳೆದಿರುತ್ತಾರೆ. ಒಳಗೆ ಅಷ್ಟು ಶಿಸ್ತಿಲ್ಲ. ಕ್ಯಾಲ್ಸಿಯಂ ಪರಮಾಣುಗಳು ಪಾಲಿಮರ್‌ನೊಳಗೆ ಎರಡು-ಮೂರು ನ್ಯಾನೋಮೀಟರ್ ಇಳಿಯುತ್ತವೆ. ತಮ್ಮ ಎಲೆಕ್ಟ್ರಾನ್‌ಗಳನ್ನು ಪಾಲಿಮರ್ ಸರಪಳಿಗೆ ಕೊಟ್ಟು ಅಯಾನುಗಳಾಗಿ ಕೂರುತ್ತವೆ. ಆಗ ಸರಪಳಿಯಲ್ಲಿ ಹೊಸ ಶಕ್ತಿಮಟ್ಟಗಳು ಹುಟ್ಟಿ, ಹೊರಗೆ ಬರಬೇಕಾದ ಬೆಳಕು ಅಲ್ಲೇ ನಂದುತ್ತದೆ. ಅಲ್ಯುಮಿನಿಯಂ ತಂಟೆ ಬೇರೆ: ಅದು ದ್ವಿಬಂಧದ ಕಾರ್ಬನ್‌ಗೇ ಅಂಟಿಕೊಂಡು, ಸಾಲಾಗಿದ್ದ ಏಕಬಂಧ-ದ್ವಿಬಂಧಗಳ ಕೊಂಡಿಯನ್ನು ಅಲ್ಲಿಗೇ ಮುರಿಯುತ್ತದೆ.

ಆ ಜಾಗಕ್ಕೆ ಚೂರು ಆಮ್ಲಜನಕ ಸಿಕ್ಕಿತೆನ್ನಿ. ಒಳಗಿಳಿದ ಕ್ಯಾಲ್ಸಿಯಂ ಆಕ್ಸೈಡ್ ಆಗುತ್ತದೆ, ಅಂದರೆ ಸುಟ್ಟ ಸುಣ್ಣ. ಸರಪಳಿಯ ಸಹವಾಸ ಬಿಡುತ್ತದೆ. ನಂದಿದ್ದ ಬೆಳಕು ಬಹುಪಾಲು ಮರಳುತ್ತದೆ! ಎಲೆಗೆ ಸುಣ್ಣ ಹಚ್ಚಿದ ಹಾಗೆಯೇ ಇದು. ತೆಳ್ಳಗೆ ಸವರಿದರೆ ಬಾಯಿ ಕೆಂಪಾಗುತ್ತದೆ, ಜಾಸ್ತಿಯಾದರೆ ನಾಲಿಗೆ ಸುಡುತ್ತದೆ. ಇಲ್ಲೂ ಆಕ್ಸೈಡ್ ದಪ್ಪವಾದರೆ ಕರೆಂಟಿಗೇ ತಡೆ. ಹೊರಗಿನ ತೇವ ನುಗ್ಗಿದರಂತೂ ಕಪ್ಪು ಚುಕ್ಕೆ ಬಿದ್ದು ಹರಡುತ್ತವೆ. ಅದಕ್ಕೇ ಕ್ಯಾಲ್ಸಿಯಂ ಮೇಲೆ ಅಲ್ಯುಮಿನಿಯಂ ಹೊದಿಸಿ, ಗಾಜಿನಿಂದ ಸೀಲ್ ಮಾಡುತ್ತಾರೆ.

1997ರಲ್ಲಿ ಇನ್ನೊಂದು ಉಪಾಯ ಬಂತು. ಒಂದು ನ್ಯಾನೋಮೀಟರ್ ಆಸುಪಾಸಿನ ಲಿಥಿಯಂ ಫ್ಲೋರೈಡ್ ಹಚ್ಚಿ, ಮೇಲೆ ಅಲ್ಯುಮಿನಿಯಂ. ಅದು ಮೊದಲು ಬಂದಿದ್ದು ಉದ್ದ ಸರಪಳಿಯಿಲ್ಲದ ಸಣ್ಣ ಅಣುಗಳ ಓಎಲ್‌ಇಡಿಗೆ (ಕಾರ್ಬನ್ ಸಂಯುಕ್ತಗಳ ಎಲ್‌ಇಡಿಗೆ), ಪಾಲಿಮರ್‌ಗೆ ಆಮೇಲೆ. ನಿಮ್ಮ ಮೊಬೈಲಿನ ಓಎಲ್‌ಇಡಿ ಪರದೆಯಲ್ಲೂ ಸಾಮಾನ್ಯವಾಗಿ ಇರುವುದು ಸಣ್ಣ ಅಣುಗಳೇ. ಸೆಮಿನಾರಿನಲ್ಲಿ ಎರಡನ್ನೂ ಕಲಸಬೇಡಿ. ಚಿತ್ರ ಬರೆಯುವಾಗ ಆ ನಡುವಿನ ಗೆರೆಯನ್ನು ಮಾತ್ರ ಸ್ವಲ್ಪ ದಪ್ಪಗೆ ಎಳೆಯಿರಿ.